ಯಾರ ಪಾಪ, ಯಾರ ಮೆಟ್ಟಿಲು?

ನಮ್ಮ ಕೇರಿಯ ಚರ್ಚಿಗೆ ಮೂರು ಮೆಟ್ಟಿಲು. ಕೋಲಾರ ಸೀಮೆಯ ಕಲ್ಲು. ನಮ್ಮ ತಾತಂದಿರು ತಲೆ ಮೇಲೆ ಹೊತ್ತು ತಂದು ಹಾಕಿದ್ದು. ಊರ ಗುಡಿಯ ಮೆಟ್ಟಿಲು ಹತ್ತಗೊಡಿಸದ ಜನ ತಮ್ಮದೇ ಒಂದು ಗುಡಿ ಕಟ್ಟಿ, ಅದಕ್ಕೆ ತಮ್ಮದೇ ಮೆಟ್ಟಿಲು ಇಟ್ಟುಕೊಂಡರಲ್ಲ, ಆ ಹೆಮ್ಮೆ ನಮಗೆ ಈಗಲೂ ಇದೆ.

ಆ ಮೆಟ್ಟಿಲ ಕೆಳಗೆ, ಹೊಂಗೆ ಮರದ ನೆರಳಲ್ಲಿ, ಪ್ರತಿ ಭಾನುವಾರ ಒಬ್ಬ ಅವ್ವ ಬಂದು ಕೂರುತ್ತಾಳೆ. ಮಂಡಿ ಮಡಿಚಿಕೊಂಡು ಎಷ್ಟೋ ವರ್ಷವಾಯಿತು. ಒಂದು ಗೋಣಿತಟ್ಟು ಹಾಸಿಕೊಂಡು ಕೈಯೂರಿ ತೆವಳಿಕೊಂಡೇ ಬರುತ್ತಾಳೆ. ಒಳಗೆ ಹಾಡು ಶುರುವಾದರೆ ಹೊರಗಿನಿಂದಲೇ ದನಿ ಸೇರಿಸುತ್ತಾಳೆ. ಕರ್ತನ ಭೋಜನದ ದಿನ ಒಳಗಿದ್ದವರೆಲ್ಲ ರೊಟ್ಟಿ, ದ್ರಾಕ್ಷಾರಸ ತಗೊಂಡು ಮುಗಿದ ಮೇಲೆ ಅಯ್ಯನವರು ಅವಳ ಪಾಲನ್ನು ಹೊರಗೆ ತಂದು ಕೊಡುತ್ತಾರೆ. ಇದನ್ನು ನಾವು ಚಿಕ್ಕಂದಿನಿಂದ ನೋಡುತ್ತ ಬಂದವರು. ಎಂಥಾ ಪ್ರೀತಿ ಅಂದುಕೊಂಡವರು.

ಒಂದು ಭಾನುವಾರ ನಮ್ಮಲ್ಲೇ ಒಬ್ಬರು ಅವಳ ಹತ್ತಿರ ಕೂತು, "ನೋಡವ್ವಾ, ನಾವೆಲ್ಲ ಅಯ್ನೋರ ಹತ್ರ ಹೋಗಬೇಕು. ನಿನ್ನತ್ರಕ್ಕೆ ಅಯ್ನೋರೇ ಬರ್ತಾರೆ. ನೀನೇ ಪುಣ್ಯವಂತೆ" ಅಂದರು. ಅವ್ವ ನಕ್ಕಳು.

"ನಮ್ಮಪ್ಪ ಗೌಡ್ರ ಮನೇಲಿ ಜೀತಕ್ಕಿದ್ದ ಕಣ್ರಪ್ಪಾ. ಅವನ್ಗೂ ಹಿಂಗೇಯ. ಎಲ್ರೂ ಉಂಡಾದ್ಮೇಲೆ ಹೊರಕ್ ತಂದು ಇಕ್ಕೋರು. ಒಳಿಕ್ ಬಾ ಅಂತ ಒಬ್ರೂ ಅನ್ಲಿಲ್ಲ. ಅವನ್ಗೆ ಜಾತಿ ಅಡ್ಡ ಬಂತು, ನಂಗೆ ಮಂಡಿ ಅಡ್ಡ ಬಂತು. ಕುಂತಿರೋ ಜಾಗ ಮಾತ್ರ ಒಂದೇಯ."

ಈ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ನಮಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಪತ್ರಿಕೆ ಓದುವ ಗೆಳೆಯರೆಲ್ಲ ಚರ್ಚಿಗೆ ಹೋಗುವವರಲ್ಲ. ದೇವರನ್ನೇ ಒಪ್ಪದವರೂ ಇದ್ದೀರಿ. ಆದರೂ ಕೇಳಿ. ಒಬ್ಬ ಮನುಷ್ಯನಿಗೆ ಅನ್ನ ಕೊಟ್ಟರೆ ಸಾಕೋ, ಪಂಕ್ತಿಯಲ್ಲಿ ಜಾಗವೂ ಕೊಡಬೇಕೋ ಎಂಬ ಪ್ರಶ್ನೆ ಚರ್ಚಿನದ್ದು ಮಾತ್ರ ಅಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಬಾಬಾಸಾಹೇಬರು ಜನರನ್ನು ಕರಕೊಂಡು ಹೋದದ್ದು ಬರೀ ಬಾಯಾರಿಕೆಗಲ್ಲ. ನೀರನ್ನು ಯಾರಾದರೂ ಎತ್ತಿ ಹುಯ್ಯಬಹುದಿತ್ತು. ಎತ್ತಿ ಹುಯ್ಯುವ ಆ ಕೈಯ ವಿರುದ್ಧವೇ ಅವರು ಹೋದದ್ದು.

ಮೊದಲು ಒಂದು ಋಣ ಒಪ್ಪಿಕೊಳ್ಳಬೇಕು. ಅಂಗವಿಕಲರನ್ನು ಈ ದೇಶದ ಊರುಗಳು ಬೀದಿಗೆ ಬಿಟ್ಟಿದ್ದ ಕಾಲದಲ್ಲಿ ಮಿಷನ್‌ಗಳು ಅವರಿಗೆ ಸೂರು ಕೊಟ್ಟವು. ಕುಷ್ಠರೋಗಿಗಳಿಗಾಗಿ 1874ರಲ್ಲಿ ಶುರುವಾದ ಲೆಪ್ರಸಿ ಮಿಷನ್ ಇವತ್ತಿಗೂ ಕೆಲಸ ಮಾಡುತ್ತಿದೆ. ಕುರುಡು ಮಕ್ಕಳಿಗೆ, ಕಿವುಡು ಮಕ್ಕಳಿಗೆ ಸ್ಕೂಲು ತೆರೆದವರಲ್ಲಿ ಮಿಷನ್ನಿನವರು ಮುಂದಿನ ಸಾಲಿನವರು. ಇದನ್ನು ಮರೆತು ಬರೆದರೆ ನಮ್ಮ ಕೈ ಸುಳ್ಳಾಡಿದ ಹಾಗೆ. ಆದರೆ ಆ ಸೂರು ಬಹುಮಟ್ಟಿಗೆ ಊರಾಚೆ ಇತ್ತು. ರೋಗಿಗಳಿಗೇ ಬೇರೆ ವಸತಿ, ಅವರಿಗೇ ಬೇರೆ ಪ್ರಾರ್ಥನಾಮಂದಿರ. ಊರಾಚೆಯ ಕೇರಿ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಊನವಾದ ದೇಹ ಕಂಡಾಗ ಮನುಷ್ಯ ಮೊದಲು ಕೇಳುವುದು "ಯಾಕೆ ಹೀಗಾಯ್ತು" ಅಂತ. ಹಿಂದಿನ ಜನ್ಮದ ಕರ್ಮ ಎಂದಿತು ಒಂದು ಧರ್ಮ. ಇದೇ ಕರ್ಮದ ಲೆಕ್ಕದಲ್ಲೇ ನಮ್ಮನ್ನು ಹೊಲೆಯರು ಮಾದಿಗರು ಮಾಡಿದ್ದು. ಹುಟ್ಟು ನಿನ್ನ ತಪ್ಪಿನ ಫಲ, ಸುಮ್ಮನೆ ಅನುಭವಿಸು ಎಂಬ ಒಂದೇ ತೀರ್ಪು, ಕೈದಿಗಳು ಮಾತ್ರ ಇಬ್ಬರು. ಚರ್ಚಿಗೆ ಬಂದ ಮೇಲೆ ಕರ್ಮ ಎನ್ನುವುದನ್ನು ಬಿಟ್ಟೆವು, ಪಾಪ ಎನ್ನುವುದನ್ನು ಹಿಡಕೊಂಡೆವು. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರೂ ಇದನ್ನೇ ಕೇಳುತ್ತಾರೆ: ಪಾಪ ಮಾಡಿದವನು ಇವನೋ, ಇವನನ್ನು ಹೆತ್ತವರೋ? ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಇವನೂ ಅಲ್ಲ, ಹೆತ್ತವರೂ ಅಲ್ಲ. ಎರಡು ಸಾವಿರ ವರ್ಷದಿಂದ ಈ ಭಾಗವನ್ನು ಓದುತ್ತಿದ್ದೇವೆ. ಮಗು ಊನವಾಗಿ ಹುಟ್ಟಿದ ಮನೆಗೆ ಹೋಗಿ, "ಏನು ತಪ್ಪು ಮಾಡಿದ್ರೋ ಪ್ರಾರ್ಥನೆ ಮಾಡ್ಕೊಳ್ಳಿ" ಅನ್ನುವುದನ್ನು ಬಿಟ್ಟಿಲ್ಲ.

ಹಾಗಾದರೆ ಪಾಪ ಇಲ್ಲವೇ? ಇದೆ. ಅದು ಇರುವ ಜಾಗ ಬೇರೆ.

ನಮ್ಮ ಅವ್ವನ ಮಂಡಿ ನೋಡಿ. ಕೋಲಾರ ಸೀಮೆ ಕೆರೆಗಳ ಸೀಮೆ. ಆ ಕೆರೆಗಳು ಹೂಳು ತುಂಬಿದವು, ಒತ್ತುವರಿಯಾದವು. ಉಳ್ಳವರ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದವು. ಆಳದ ಬಂಡೆಯ ನೀರಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ವಿಜ್ಞಾನ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ದೊಡ್ಡವರ ಕೀಲು ಸೆಟೆದು ಬೆನ್ನು, ಮಂಡಿ ಬಗ್ಗಿಕೊಳ್ಳುತ್ತವೆ. ದುಡ್ಡಿದ್ದವರು ಕ್ಯಾನಿನ ನೀರು ತರಿಸಿದರು. ಕೇರಿಯವರು ಬಂದದ್ದನ್ನು ಕುಡಿದರು. ಅವ್ವ ಯಾವ ಪಾಪ ಮಾಡಿದಳು? ಕೊಳಾಯಿ ಕೆಳಗೆ ಬಿಂದಿಗೆ ಇಟ್ಟದ್ದೇ?

ಅಲ್ಲಿಂದ ಒಂದಿಷ್ಟು ದೂರದಲ್ಲಿ ಕೆ.ಜಿ.ಎಫ್. 1880ರಿಂದ 2001ರವರೆಗೆ ಅಲ್ಲಿ ಚಿನ್ನ ತೆಗೆದರು. ತೆಗೆದ ಕೈ ಬಹುಪಾಲು ದಲಿತರ ಕೈ. ಚಿನ್ನ ಮೇಲೆ ಹೋಯಿತು, ಕಲ್ಲಿನ ದೂಳು ಅವರ ಎದೆಯಲ್ಲಿ ಉಳಿಯಿತು. ಸಿಲಿಕೋಸಿಸ್ ಎಂದು ಅದಕ್ಕೆ ಹೆಸರು. ಅತ್ತ ದಕ್ಷಿಣ ಕನ್ನಡದಲ್ಲಿ ಸರ್ಕಾರದ್ದೇ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸುವ ಹೊತ್ತಿಗೆ ತೋಟದ ಸುತ್ತಲ ಎಷ್ಟೋ ಮನೆಗಳಲ್ಲಿ ಎದ್ದು ನಿಲ್ಲಲಾರದ, ಮಾತು ಬಾರದ ಮಕ್ಕಳಿದ್ದರು. ಏಕಲವ್ಯನ ಹೆಬ್ಬೆರಳನ್ನು ಕೇಳಿ ಕತ್ತರಿಸಿಕೊಂಡವರು ಒಬ್ಬರೇ ಗುರು ಅಲ್ಲ. ಇಂದೂ ಗುರುದಕ್ಷಿಣೆ ವಸೂಲಾಗುತ್ತಲೇ ಇದೆ, ಒಮ್ಮೆ ಮಂಡಿ, ಒಮ್ಮೆ ಎದೆ, ಒಮ್ಮೆ ಹುಟ್ಟುವ ಕೂಸಿನ ಬೆನ್ನುಮೂಳೆ.

ಎಲ್ಲ ಊನವೂ ಹೀಗೇ ಬಂದದ್ದು ಎಂದು ನಾವು ಹೇಳುತ್ತಿಲ್ಲ. ಸಿರಿವಂತರ ಮನೆಯಲ್ಲೂ ಕುರುಡು ಮಕ್ಕಳು ಹುಟ್ಟುತ್ತಾರೆ. ಕಾರಣ ಯಾರಿಗೂ ತಿಳಿಯದ ಊನವೂ ಉಂಟು. ಆದರೆ 2011ರ ಜನಗಣತಿ ನೋಡಿ. ದೇಶದಲ್ಲಿ ಅಂಗವಿಕಲರು 2 ಕೋಟಿ 68 ಲಕ್ಷ, ಅಂದರೆ ನೂರಕ್ಕೆ 2.21. ಪರಿಶಿಷ್ಟ ಜಾತಿಗಳಲ್ಲಿ ನೂರಕ್ಕೆ 2.45. ಈ ಲೆಕ್ಕದಲ್ಲೂ ನಮ್ಮ ಅವ್ವ ಇಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಕೇರಿ ಅವಳನ್ನು ಬಿಡಲಿಲ್ಲ, ಕಾಗದ ಬಿಟ್ಟಿತು.

ಇನ್ನು ಗರ್ಭಗುಡಿಯ ಮಾತು. ಯಾಜಕಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಆರೋನನ ವಂಶದಲ್ಲಿ ಹುಟ್ಟಿದವನೇ ಆದರೂ ಕುರುಡ, ಕುಂಟ, ಗೂನ, ಕೈ ಮುರಿದವನು ಬಲಿಪೀಠದ ಹತ್ತಿರ ಬರಕೂಡದು. ಆದರೆ ದೇವರಿಗೆ ಅರ್ಪಿಸಿದ ಆಹಾರವನ್ನು ಅವನು ಉಣ್ಣಬಹುದು. ಗಮನಿಸಿ ಗೆಳೆಯರೇ. ಉಣ್ಣಬಹುದು, ಹತ್ತಿರ ಬರಬಾರದು. ನಮ್ಮ ಹೊಂಗೆ ಮರದ ಕೆಳಗೆ ನಡೆಯುತ್ತಿರುವುದೂ ಅದೇ. ಇತ್ತ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವೂ ಹುಟ್ಟುಕುರುಡ, ಕಿವುಡ, ಮೂಗ, ಬುದ್ಧಿಮಾಂದ್ಯರಿಗೆ ಆಸ್ತಿಯಲ್ಲಿ ಪಾಲಿಲ್ಲ, ಅನ್ನಬಟ್ಟೆ ಕೊಟ್ಟರೆ ಸಾಕು ಅನ್ನುತ್ತದೆ. ಕಾನೂನಿನಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಲು 1928ರವರೆಗೆ ಕಾಯಬೇಕಾಯಿತು. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನು ಸಂಹಿತೆಯಲ್ಲೂ ದೇಹದ ಊನ ಗುರುದೀಕ್ಷೆಗೆ ಅಡ್ಡಿಯಾಗಿತ್ತು. 1983ರ ಹೊಸ ಸಂಹಿತೆ ಆ ಕಲಮನ್ನು ಕೈಬಿಟ್ಟಿತು. ಬೇರೆ ಬೇರೆ ದೇಶ, ಬೇರೆ ಬೇರೆ ದೇವರು, ಆದರೆ ಬುದ್ಧಿ ಒಂದೇ. ಅನ್ನ ಕೊಡು, ಪಾಲು ಕೊಡಬೇಡ. ಮಡಿ ಎಂಬುದು ಮೊದಲು ಮುಟ್ಟುವುದು ಜಾತಿಯನ್ನಲ್ಲ, ದೇಹವನ್ನು. ಯಾವ ದೇಹ ಚೊಕ್ಕ, ಯಾವ ದೇಹ ಮೈಲಿಗೆ ಎಂದು ವಿಂಗಡಿಸಲು ಕಲಿತ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ.

ಬೈಬಲ್ಲಿನೊಳಗೇ ಇದಕ್ಕೆ ಬಂಡಾಯವೂ ಇದೆ. ಎರಡೂ ಕಾಲು ಊನವಾಗಿದ್ದ ಮೆಫೀಬೋಶೆತನನ್ನು ದಾವೀದ ತನ್ನ ಪಂಕ್ತಿಯಲ್ಲೇ ಕೂರಿಸಿಕೊಳ್ಳುತ್ತಾನೆ. ಊಟವನ್ನು ಅವನ ಮನೆಗೆ ಕಳಿಸುವುದಿಲ್ಲ. ಮೋಶೆಗೆ ನಾಲಗೆ ತೊಡರುತ್ತಿತ್ತು; ಜೀತದಿಂದ ಒಂದು ಜನಾಂಗವನ್ನೇ ಬಿಡಿಸುವ ಮಾತನ್ನು ದೇವರು ಆ ತೊಡರುವ ನಾಲಗೆಗೇ ಒಪ್ಪಿಸಿದ. ಲೂಕನ ಹದಿನಾಲ್ಕನೆಯ ಅಧ್ಯಾಯದ ಔತಣಕ್ಕೆ ಕರೆಸಿಕೊಂಡ ಉಳ್ಳವರು ಹೊಲ, ಎತ್ತು, ಮದುವೆ ಅಂತ ನೆಪ ಹೇಳಿ ಬರಲಿಲ್ಲ. ಬಂದು ಮನೆ ತುಂಬಿದವರು ಬಡವರು, ಕುರುಡರು, ಕುಂಟರು.

"ಯೇಸು ಗುಣಪಡಿಸಿದನಲ್ಲ, ನಾವೂ ಗುಣವಾಗಲಿ ಅಂತ ಪ್ರಾರ್ಥಿಸೋದು ತಪ್ಪಾ?" ಅಂತ ಕೇಳುವವರಿದ್ದಾರೆ. ತಪ್ಪಲ್ಲ. ನೋವಿಗೆ ಮದ್ದು ಬೇಕು, ಪ್ರಾರ್ಥನೆಯಿಂದ ಧೈರ್ಯ ಬಂದರೆ ಅದೂ ಬೇಕು. ಆದರೆ ಗುಣಪಡಿಸುವ ಕೂಟಗಳ ವೇದಿಕೆಯ ಹಿಂದೆ ಏನಾಗುತ್ತದೆ ನೋಡಿ. ಪೋಲಿಯೋ ಆಗಿದ್ದ ನಮ್ಮ ಗೆಳೆಯನೊಬ್ಬನನ್ನು ಮೂರು ಕೂಟಗಳಿಗೆ ಎತ್ತಿಕೊಂಡು ಹೋದರು. ಮೂರು ಸಲವೂ ಊರುಗೋಲು ಕಿತ್ತುಕೊಂಡು ನಡೆ ಅಂದರು. ಮೂರು ಸಲವೂ ಬಿದ್ದ. ಕೊನೆಗೆ "ನಿನ್ನ ನಂಬಿಕೆ ಸಾಲದು" ಅಂದರು. ಕಾಲಿಲ್ಲದವನಿಗೆ ಈಗ ನಂಬಿಕೆಯೂ ಇಲ್ಲ ಎಂದಾಯಿತು. ಗುಣವಾದರೆ ಒಳಕ್ಕೆ ಬಾ ಅನ್ನುವುದಕ್ಕೂ, ಸ್ನಾನ ಮಾಡಿ ಮಾಂಸ ಬಿಟ್ಟು ಬಾ, ಆಮೇಲೆ ಗುಡಿಗೆ ಸೇರಿಸೋಣ ಅನ್ನುವುದಕ್ಕೂ ಏನು ವ್ಯತ್ಯಾಸ? ಇರುವ ಹಾಗೆ ನೀನು ಬೇಡ ಅಂತಲೇ ಎರಡೂ ಹೇಳುವುದು.

ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಒಂದು ಮನೆಯ ಕಥೆ ಬರುತ್ತದೆ. ಲಕ್ವ ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಅಡ್ಡ ನಿಂತವರು ಯಾರು? ಸೈತಾನನಲ್ಲ, ರೋಮಿನ ಸಿಪಾಯಿಗಳಲ್ಲ. ಉಪದೇಶ ಕೇಳಲು ಬಂದ ಭಕ್ತರು. ದೇವರ ಮಾತನ್ನು ಅಷ್ಟು ಗಮನವಿಟ್ಟು ಕೇಳುತ್ತಿದ್ದರೆಂದರೆ ಬೆನ್ನ ಹಿಂದೆ ನಿಂತವನು ಕಾಣಲಿಲ್ಲ. ಆ ನಾಲ್ವರು ಮಾಳಿಗೆ ಹತ್ತಿ ಸೂರು ಬಿಚ್ಚಿ ಅವನನ್ನು ಇಳಿಸಿದರು. ಸೂರು ಹಾಳು ಮಾಡಿದಿರಿ ಅಂತ ಯೇಸು ಬೈಯಲಿಲ್ಲ. ಅವರ ಕೆಲಸಕ್ಕೆ ನಂಬಿಕೆ ಅಂತ ಹೆಸರಿಟ್ಟ. ನಂಬಿಕೆ ಸಾಲದ್ದು ಯಾರಿಗೆ ಎಂಬುದಕ್ಕೆ ಇದು ಉತ್ತರ. ಮಲಗಿದವನಿಗಲ್ಲ, ಬಾಗಿಲು ತುಂಬಿ ನಿಂತವರಿಗೆ.

ಈಗ ಇನ್ನೂ ಕಷ್ಟದ ಪ್ರಶ್ನೆ. ಮೆಟ್ಟಿಲಿಗೆ ಇಳಿಜಾರು ಕಟ್ಟಬಹುದು. ಬುದ್ಧಿ ಬೆಳೆಯದ ಹುಡುಗನಿಗೆ ಏನು ಮಾಡುವುದು? ನಮ್ಮ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಸೇರಬೇಕಾದರೆ ಪಾಠ ಕಲಿತು, ಕಟ್ಟಳೆ ಬಾಯಿಪಾಠ ಒಪ್ಪಿಸಬೇಕು. ಅವನಿಗೆ ಅದು ಬರುವುದಿಲ್ಲ. "ಅರ್ಥವಾಗದವನಿಗೆ ಹ್ಯಾಗೆ ಕೊಡೋದು? ಕರ್ತನ ದೇಹವನ್ನು ವಿವೇಚಿಸದೆ ತಿನ್ನೋನು ದಂಡನೆಗೆ ಗುರಿ ಅಂತ ಪೌಲ ಬರೆದಿಲ್ವಾ?" ಎನ್ನುತ್ತಾರೆ ಹಿರಿಯರು. ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ತಿಳಿದು ಒಪ್ಪುವುದಕ್ಕೆ ನಾವೂ ಬೆಲೆ ಕೊಡುತ್ತೇವೆ. ಕೇರಿಯ ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರುಗಳು ನಮ್ಮಲ್ಲೇ ಇದ್ದಾರೆ.

ಆದರೆ ಪೌಲ ಆ ಮಾತು ಬರೆದದ್ದು ಯಾರಿಗೆ? ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ಉಂಡು, ಕುಡಿದು ಅಮಲೇರಿ ಕೂರುತ್ತಿದ್ದರು. ಇಲ್ಲದವರು ಹಸಿದುಕೊಂಡು ನಿಲ್ಲುತ್ತಿದ್ದರು. ಇದನ್ನು ಕಂಡು ಪೌಲ ಸಿಟ್ಟಿನಿಂದ ಬರೆದ ಅಧ್ಯಾಯ ಅದು. ಒಬ್ಬರಿಗೊಬ್ಬರು ಕಾಯಿರಿ ಎಂಬುದೇ ಅದರ ಕೊನೆ. ಅದರ ಮುಂದಿನ ಅಧ್ಯಾಯದಲ್ಲೇ ಸಭೆಯನ್ನು ದೇಹಕ್ಕೆ ಹೋಲಿಸಿ, ಬಲಹೀನವೆಂದು ಕಾಣುವ ಅಂಗವೇ ಹೆಚ್ಚು ಬೇಕಾದದ್ದು ಅನ್ನುತ್ತಾನೆ. ದೇಹವನ್ನು ವಿವೇಚಿಸುವುದು ಎಂದರೆ ಪಕ್ಕದಲ್ಲಿ ಹಸಿದು ನಿಂತವನೂ ಈ ದೇಹದ ಅಂಗವೇ ಎಂದು ಕಾಣುವುದು. ಆ ಹುಡುಗ ತನ್ನ ಕೈಗೆ ಬಂದ ರೊಟ್ಟಿಯಲ್ಲಿ ಅರ್ಧವನ್ನು ತಂಗಿಗೆ ಕೊಡುತ್ತಾನೆ. ನಾವು ನೋಡಿದ್ದೇವೆ. ಬಾಯಿಪಾಠ ಒಪ್ಪಿಸಿದವರು ಅವ್ವನನ್ನು ಹೊರಗೆ ಬಿಟ್ಟು ಒಳಗೆ ಉಣ್ಣುತ್ತಾರೆ. ವಿವೇಚನೆ ಇಲ್ಲದವರು ಯಾರು? ಇವಕ್ಕೆ ವೇದ ಅರ್ಥವಾಗೋದಿಲ್ಲ ಎಂದು ನಮ್ಮ ಅಜ್ಜಂದಿರಿಗೆ ಹೇಳಿದವರ ದನಿ ಇಷ್ಟು ಬೇಗ ನಮ್ಮ ಗಂಟಲಲ್ಲಿ ಕೂತಿತೇ?

ಇಷ್ಟು ಬರೆದು ಚರ್ಚಿನ ಕಡೆ ಬೆರಳು ತೋರಿಸಿ ನಿಲ್ಲಿಸಿದರೆ ನಾವು ಸಾಚಾ ಅಲ್ಲ. ನಮ್ಮ ಸಂಘಟನೆಯ ಮೀಟಿಂಗು ನಡೆಯುವುದು ಎಲ್ಲಿ? ಮಹಡಿಯ ಮೇಲೆ. ನಮ್ಮ ಜಾಥಾ? ಮೈಲಿಗಟ್ಟಲೆ ನಡಿಗೆ. ನಡೆಯಲಾರದವನು ಹೋರಾಟಗಾರನಲ್ಲವೇ ಎಂದು ನಾವು ಒಂದು ದಿನವೂ ಕೇಳಿಕೊಳ್ಳಲಿಲ್ಲ. ನಮ್ಮ ಬರವಣಿಗೆಯನ್ನೇ ತೆಗೆದು ನೋಡಿ. ಕುರುಡು ನಂಬಿಕೆ, ಕಿವುಡು ಸರ್ಕಾರ, ಕುಂಟು ನೆಪ, ಹೆಳವ ಸಮಾಜ. ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿದಾಗ ನಮಗೆ ಮೈ ಉರಿಯಿತು. ಅವರ ದೇಹವನ್ನು ಬೈಗುಳ ಮಾಡಿದಾಗ ನಮ್ಮ ಪೆನ್ನು ತಡೆಯಲಿಲ್ಲ. ಮೇಲಿನವರು ಕೊಟ್ಟ ಹರಿಜನ ಎಂಬ ಹೆಸರನ್ನು ನಾವು ಬಿಸಾಕಿದೆವು. ಇವರಿಗೆ ಸರ್ಕಾರ ದಿವ್ಯಾಂಗ ಅಂತ ಹೆಸರಿಟ್ಟಾಗ ಅವರಲ್ಲೇ ಎಷ್ಟೋ ಜನ ಬೇಡ ಅಂದರು. ಅವರ ಜೊತೆ ನಿಂತು ಬೇಡ ಅಂದವರು ನಮ್ಮಲ್ಲಿ ಎಷ್ಟು ಜನ?

ದಲಿತ ಎಂಬ ಮಾತಿಗೇ ಮುರಿದ, ಒಡೆದ, ತುಳಿದ ಎಂಬ ಅರ್ಥ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರ ಮೊಳೆಯಿತು. ಯೇಸುವೇ ದಲಿತ ಎಂದು ಅವರು ವಾದಿಸಿದರು. ಹುಟ್ಟಿನಿಂದಲೇ ಮೂಳೆಯ ಊನವಿದ್ದ ಅಮೆರಿಕದ ನ್ಯಾನ್ಸಿ ಐಸ್‌ಲೆಂಡ್ ಎಂಬಾಕೆ 1994ರ ತಮ್ಮ ಪುಸ್ತಕದಲ್ಲಿ ದೇವರೇ ಅಂಗವಿಕಲ ಎಂದರು. ಅವರ ಆಧಾರ ಸುವಾರ್ತೆಯೇ. ಸತ್ತು ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ತೂತು ಹಾಗೇ ಇತ್ತು. ಪಕ್ಕೆಯ ಗಾಯ ಹಾಗೇ ಇತ್ತು. ತೋಮ ಗುರುತು ಕೇಳಿದ್ದು ಆ ಗಾಯದಿಂದ. ಸಾವನ್ನೇ ಗೆದ್ದವನಿಗೆ ಗಾಯ ಮಾಸಿಸಿಕೊಳ್ಳುವುದು ಕಷ್ಟವಿತ್ತೇ? ಮಾಸಿಸಿಕೊಳ್ಳಲಿಲ್ಲ. ಊನವಿಲ್ಲದ ದೇಹವೇ ಬೇಕು ಎನ್ನುವ ಯಾಜಕಕಾಂಡದ ಕಟ್ಟಳೆಯ ಪ್ರಕಾರ ಆ ಯೇಸುವೂ ಬಲಿಪೀಠದ ಹತ್ತಿರ ಬರುವ ಹಾಗಿಲ್ಲ. ಅವ್ವನ ಪಕ್ಕದಲ್ಲಿ, ಹೊಂಗೆ ಮರದ ಕೆಳಗೆ ಕೂರಬೇಕು. ಒಳಗೆ ಅಯ್ಯನವರು ಮುರಿಯುವ ರೊಟ್ಟಿ ಯಾರದ್ದು ಎಂದು ನಾವು ಯೋಚಿಸಬೇಕು.

ಇಳಿಜಾರಿನ ಲೆಕ್ಕ ದೊಡ್ಡದೇನಲ್ಲ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ನಮ್ಮ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ. ಹದಿನೆಂಟಡಿ ಇಳಿಜಾರು ಸಾಕು. ಕಲ್ಲು ನಮ್ಮಲ್ಲೇ ಇದೆ, ಕಟ್ಟುವ ಕೈಗಳೂ ನಮ್ಮಲ್ಲೇ ಇವೆ. ಹಾರ್ವೆಸ್ಟ್ ಹಬ್ಬದ ಹರಾಜಿನ ದುಡ್ಡಲ್ಲಿ ಮೈಕ್ ಸೆಟ್ಟು ತರುವ ಮಾತಿತ್ತು. ಅದನ್ನು ಒಂದು ವರ್ಷ ಮುಂದೂಡಿದರೆ ಸಿಮೆಂಟಿಗಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾನೂನು ಸಾರ್ವಜನಿಕ ಜಾಗಗಳೆಲ್ಲ ಅವರಿಗೆ ನಿಲುಕುವಂತಿರಬೇಕು ಅನ್ನುತ್ತದೆ. ಸುವಾರ್ತೆ ಹೇಳಿದ್ದನ್ನು ಮಾಡಲು ಪಾರ್ಲಿಮೆಂಟು ಹೇಳಿಕೊಡಬೇಕಾಯಿತು ಎಂಬುದು ನಾಚಿಕೆಯೇ ಸರಿ.

ಕಮಿಟಿಯಲ್ಲಿ ಈ ಮಾತೆತ್ತಿದೆವು. "ಒಬ್ಬಳಿಗೋಸ್ಕರ ಹದಿನೆಂಟಡಿ ಕಟ್ಟಬೇಕೇನ್ರಯ್ಯಾ?" ಅಂದರು ಒಬ್ಬ ಹಿರಿಯರು. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಿಕೊಂಡು ಹೋದವನ ಕಥೆಯನ್ನು ನಮಗೆ ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟವರು ಅವರೇ. ಅದನ್ನು ನೆನಪಿಸಿದಾಗ ಸುಮ್ಮನಾದರು. ತೀರ್ಮಾನ ಆಗಲಿಲ್ಲ. ಇಳಿಜಾರು ಆಗುವವರೆಗೆ ಭೋಜನದ ಮೇಜನ್ನೇ ಹೊಂಗೆ ಮರದ ಕೆಳಕ್ಕೆ ತರೋಣ, ಎಲ್ಲರೂ ಅಲ್ಲೇ ಒಟ್ಟಿಗೆ ತಗೊಳ್ಳೋಣ ಎಂದು ಕೇಳಿದ್ದೇವೆ. ಅದಕ್ಕೂ ಇನ್ನೂ ಉತ್ತರ ಬಂದಿಲ್ಲ.

ಇದನ್ನೆಲ್ಲ ಅವ್ವನಿಗೆ ಹೋಗಿ ಹೇಳಿದೆವು. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆವು. ಅವಳು ಗೋಣಿತಟ್ಟು ಸರಿಮಾಡಿಕೊಳ್ಳುತ್ತ ಕೇಳಿದಳು:

"ಮೇಜು ಹೊರಕ್ ಬರ್ಲಿ, ಸಂತೋಸ. ಇಷ್ಟೆಲ್ಲಾ ಕಮಿಟೀಲಿ ಮಾತಾಡುದ್ರಲ್ಲಾ ಮಕ್ಳೇ, ಅವತ್ತು ನನ್ನ ಯಾಕ್ರಪ್ಪಾ ಕರೀಲಿಲ್ಲ?"

ನಾವು ಕರೆದಿರಲಿಲ್ಲ. ಅವಳ ಪರವಾಗಿ ಮಾತಾಡಲು ಹೋದವರಿಗೆ ಅವಳನ್ನು ಕೇಳಬೇಕೆಂದೇ ಹೊಳೆದಿರಲಿಲ್ಲ. ಬಾಗಿಲು ತುಂಬಿ ನಿಂತವರಲ್ಲಿ ನಾವೂ ಇದ್ದೆವು. ಮುಂದಿನ ಕಮಿಟಿ ಹೊಂಗೆ ಮರದ ಕೆಳಗೆ ಸೇರಬೇಕು, ಮೊದಲ ಮಾತು ಅವಳದ್ದಾಗಬೇಕು ಎಂದು ಅರ್ಜಿ ಬರೆದಿದ್ದೇವೆ. ಈ ಸಲ ಬರೆದದ್ದನ್ನು ಮೊದಲು ಅವಳಿಗೇ ಓದಿ ಹೇಳಿದೆವು. ಎರಡು ಕಡೆ ತಿದ್ದಿಸಿದಳು.